ಎಡಗಾಲಿನ ಪರ ವಕಾಲತ್ತು

ನನ್ನ ಎಡಗಾಲಿನ ಚಪ್ಪಲಿ ಬಲಗಾಲಿನದಕ್ಕಿಂತ ಮೊದಲೇ ಸವೆಯುತ್ತದೆ. ಮೊನ್ನೆ ಅಟ್ಟೆ ಹಾಕಿಸಲು ಹೋದಾಗ ಚಪ್ಪಲಿ ಹೊಲಿಯುವ ಅಜ್ಜ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಏನಮ್ಮಾ, ಒಂದೇ ಕಾಲಲ್ಲಿ ನಡೀತೀರಾ?" ಎಂದು ಕೇಳಿದ. "ನಡೆಯಲ್ಲ ಕಣಪ್ಪಾ, ಕ್ಲಚ್ ಒತ್ತುತ್ತೀನಿ" ಅಂದೆ. ಅವನು ಹೊಲಿಗೆ ಹಾಕಿಕೊಟ್ಟ. ನನಗೆ ಮಾತ್ರ ಮನೆ ಸೇರುವವರೆಗೂ ಆ ಕಾಲಿನ ಮೇಲೆ ಇಲ್ಲದ ಅಭಿಮಾನ ಉಕ್ಕುತ್ತಲೇ ಇತ್ತು. ಈ ವರ್ಷ ಅದು ಕೇಳಿಸಿಕೊಂಡಷ್ಟು ಬೈಗುಳವನ್ನು ನಮ್ಮ ಮನೆಯಲ್ಲಿ ಇನ್ಯಾವ ಅಂಗವೂ ಕೇಳಿಸಿಕೊಂಡಿಲ್ಲ; ನನ್ನ ನಾಲಗೆಯೂ ಕೂಡ.

ಮೊದಲೇ ಹೇಳಿಬಿಡುತ್ತೇನೆ, ನಾನು ಚಿಂತೆ ಮಾಡುವ ಹೆಂಗಸು. ಗೇಟು ದಾಟಿದ ಮೇಲೆ ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಲು ವಾಪಸ್ಸು ಬರುತ್ತೇನೆ. ಆರಿಸಿದ್ದನ್ನು ನೋಡಿ ಹೊರಟ ಮೇಲೆ, ನೋಡುವ ಗಡಿಬಿಡಿಯಲ್ಲಿ ಕೈತಾಗಿ ಮತ್ತೆ ತಿರುಗಿತೇ ಎಂದು ಇನ್ನೊಮ್ಮೆ ಬರುತ್ತೇನೆ. ನನ್ನ ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿಯ ಜೊತೆ ಒಂದು ಇಟ್ಟಿಗೆ, ಎರಡು ಲೀಟರ್ ನೀರು, ಒಂದು ಹಗ್ಗ ಯಾವಾಗಲೂ ಇರುತ್ತವೆ. ಇಟ್ಟಿಗೆ ಇಳಿಜಾರಿನಲ್ಲಿ ಚಕ್ರಕ್ಕೆ ಕೊಡಲು. ಹಗ್ಗ ಯಾಕೆ ಎಂದು ಕೇಳಬೇಡಿ, ಯಾಕೋ ಇರಲಿ ಅಂತ. ಇವೆಲ್ಲದರ ಮೇಲೆ ಒಂದು ನೋಟ್‌ಬುಕ್ಕು. ಕಾರು ಕೆಮ್ಮಿದರೆ, ಸೀನಿದರೆ, ಹಾರನ್ನಿನ ಸ್ವರ ಸ್ವಲ್ಪ ಇಳಿದರೆ ಅದರಲ್ಲಿ ಬರೆದಿಡುತ್ತೇನೆ. ನಮ್ಮ ಯಜಮಾನರು ಅದಕ್ಕೆ "ಕಾರಿನ ಜಾತಕ" ಎಂದು ಹೆಸರಿಟ್ಟಿದ್ದಾರೆ.

ಇಂಥವಳು ಕಾರು ಓಡಿಸಲು ಕಲಿತದ್ದು ನಲವತ್ತಾರನೇ ವಯಸ್ಸಿನಲ್ಲಿ. ನಮ್ಮ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಡೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಮೊದಲ ದಿನದಿಂದಲೇ ನಾನು ಗೇರು ಬದಲಾಯಿಸಿದರೆ ಬೆಣ್ಣೆಗೆ ಚಾಕು ಹಾಕಿದ ಹಾಗೆ ಹೋಗುತ್ತಿತ್ತು. ಹುಟ್ಟಾ ಡ್ರೈವರ್ ಕಣೇ ನೀನು ಎಂದು ನನಗೆ ನಾನೇ ಹೇಳಿಕೊಂಡೆ. ಇಪ್ಪತ್ತು ದಿನದ ತರಬೇತಿ ಮುಗಿದು ಲೈಸೆನ್ಸೂ ಬಂತು. ನನ್ನ ಸಂಬಳದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡು, ಸ್ಟೀರಿಂಗಿಗೆ ವಿಭೂತಿ ಹಚ್ಚಿ, ನಾಲ್ಕು ನಿಂಬೆಹಣ್ಣು ಅಪ್ಪಚ್ಚಿ ಮಾಡಿ ಒಬ್ಬಳೇ ಬೀದಿಗಿಳಿದೆ. ಕಾರು ಕಪ್ಪೆಯ ಹಾಗೆ ಮೂರು ಸಲ ಕುಪ್ಪಳಿಸಿ ನಿಂತಿತು. ಸತ್ಯ ಹೊಳೆದದ್ದು ಆಗ. ಇಪ್ಪತ್ತು ದಿನವೂ ಕ್ಲಚ್ ಒತ್ತಿದ್ದು ಮೇಷ್ಟ್ರು! ನಾನು ಸ್ಟೀರಿಂಗ್ ಹಿಡಿದುಕೊಂಡು ಊರು ನೋಡಿದ್ದೆ, ಅಷ್ಟೆ.

ಆಮೇಲೆ ನಾನು ನಿಜವಾಗಿ ಕಲಿತೆ. ಬೆಳಗ್ಗೆ ಬೆಳಗ್ಗೆ ಮೈಸೂರಿನ ಬೋಗಾದಿ ಆಚೆ, ಸೈಟು ಹಂಚಿ ಮನೆ ಏಳದಿದ್ದ ಬಡಾವಣೆಗಳಲ್ಲಿ, ನಾಯಿಗಳನ್ನು ಸಾಕ್ಷಿಯಾಗಿಟ್ಟುಕೊಂಡು ಕಲಿತೆ. ಪೆಡಲನ್ನು ಮೆಲ್ಲಗೆ ಬಿಡುತ್ತಾ ಬಂದರೆ ಒಂದು ಜಾಗದಲ್ಲಿ ಕಾರು ಸಣ್ಣಗೆ ನಡುಗುತ್ತದಲ್ಲ, ಆ ಜಾಗ ನನ್ನ ಎಡಗಾಲಿಗೆ ಗೊತ್ತು. ಅದನ್ನು ಅದಕ್ಕೆ ಯಾರೂ ಹೇಳಿಕೊಡಲಿಲ್ಲ. ಆರು ವರ್ಷದಿಂದ ಅದೇ ಕಾಲು ನನ್ನನ್ನು ನಾನು ಕೆಲಸ ಮಾಡುವ ಕಾಲೇಜಿನ ಲೈಬ್ರರಿಗೆ, ಸಂತೆಗೆ, ವಿದ್ಯಾರಣ್ಯಪುರಂನ ಅಮ್ಮನ ಮನೆಗೆ ಕರೆದುಕೊಂಡು ಹೋಗುತ್ತಿದೆ. ಯಾರನ್ನೂ "ಸ್ವಲ್ಪ ಬಿಟ್ಟು ಬರ್ತೀರಾ?" ಎಂದು ಕೇಳಬೇಕಾಗಿಲ್ಲ. ಇದು ಎಂಥ ಸುಖ ಎಂದು, ಆ ಮಾತನ್ನು ದಿನಾ ಕೇಳಿದವರಿಗೆ ಮಾತ್ರ ಗೊತ್ತಾಗುತ್ತದೆ.

ಇಷ್ಟಿರುವಾಗ ಒಂದು ದಿನ ಕ್ಲಚ್ ಪೆಡಲಿನ ಬುಡದಲ್ಲಿ ಎಣ್ಣೆ ಜಿನುಗಿ ನನ್ನ ಚಪ್ಪಲಿ ಒದ್ದೆಯಾಯಿತು. ಮಂಡಿ ಮೊಹಲ್ಲಾದ ರಹಮತ್ ಭಾಯ್ ಹತ್ತಿರ ಒಯ್ದೆ. ಆರು ವರ್ಷದಿಂದ ನನ್ನ ಕಾರಿಗೆ ಅವರೇ ವೈದ್ಯರು. ಕೈಗುಣ ಒಳ್ಳೆಯದು, ಬಾಯಿಗುಣ ಅಷ್ಟಕ್ಕಷ್ಟೆ. ಬಗ್ಗಿ ನೋಡಿದವರೇ, "ಮಾಸ್ಟರ್ ಸಿಲಿಂಡರ್ ಹೋಗ್ಯದೆ ಮೇಡಂ, ಹೊಸದು ಹಾಕ್ಬುಡಾಣ" ಅಂದರು. ಅದೇನೂ ದೊಡ್ಡ ಮಾಯೆಯಲ್ಲ. ಒಂದು ಗಿಡ್ಡ ಪಿಚಕಾರಿ. ಕಾಲು ಒತ್ತಿದರೆ ಅದು ಎಣ್ಣೆಯನ್ನು ಕೊಳವೆಯೊಳಗೆ ದೂಡುತ್ತದೆ, ಎಣ್ಣೆ ಹೋಗಿ ಆ ಕಡೆ ಕ್ಲಚ್ಚನ್ನು ಬಿಡಿಸುತ್ತದೆ. ಅದನ್ನು ಬದಲಾಯಿಸಿ, ಹೊಸ ಎಣ್ಣೆ ಹುಯ್ದು, ಕೊಳವೆಯಲ್ಲಿ ಸೇರಿಕೊಂಡ ಗಾಳಿಯನ್ನು ತೆಗೆದು ಅವರು ಸಂಜೆಗೆ ಕಾರು ಕೊಟ್ಟರು.

ಮರುದಿನ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂತು. ಕ್ಲಚ್ ಒತ್ತಿದೆ. ಕಾಲು ಹಿಟ್ಟಿನ ಮುದ್ದೆಯ ಮೇಲಿಟ್ಟ ಹಾಗೆ ಮೆತ್ತಗೆ ಒಳಗೆ ಹೋಯಿತು, ಗೇರು ಮಾತ್ರ ಕರ್ರ್ ಎಂದಿತು. ಹಿಂದೆ ಸಿಟಿ ಬಸ್ಸು. ಮೂರು ಸಲ ಪೆಡಲನ್ನು ತುಳಿದ ಮೇಲೆ ಗೇರು ಬಿತ್ತು. ಬಸ್ಸಿನ ಡ್ರೈವರು ಪಕ್ಕಕ್ಕೆ ಬಂದು ಏನು ಹೇಳಿದ ಎನ್ನುವುದನ್ನು ಇಲ್ಲಿ ಬರೆಯಲಾಗುವುದಿಲ್ಲ.

ವಾಪಸ್ಸು ಮಂಡಿ ಮೊಹಲ್ಲಾ. ರಹಮತ್ ಭಾಯ್ ಮತ್ತೆ ಗಾಳಿ ತೆಗೆದರು. ಮರುದಿನ ಮತ್ತೆ ಮೆತ್ತಗೆ. ಮೂರನೇ ಸಲ ಹೋದಾಗಲೂ ಗಾಳಿ ತೆಗೆದು, ಅವರು ಬನಿಯನ್ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ತೀರ್ಪು ಕೊಟ್ಟರು:

"ಗಾಡಿಗೇನೂ ಆಗಿಲ್ಲ ಮೇಡಂ. ಆಗಿರೋದು ಕಾಲಿಗೆ."

"ಯಾರ ಕಾಲಿಗೆ?"

"ನಿಮ್ ಕಾಲಿಗೇಯ. ಲೇಡೀಸು ಕ್ಲಚ್ ಮ್ಯಾಲಿಂದ ಕಾಲೇ ತೆಗೆಯಲ್ಲ ಕಣ್ರೀ. ಯಾವಾಗ್ಲೂ ಅರ್ಧ ಒತ್ಕಂಡೇ ಇರ್ತೀರಿ."

ನಾನು ಮನೆಗೆ ಬಂದು ಇದನ್ನು ಹೇಳಿದ್ದೇ ತಪ್ಪಾಯಿತು. ಆ ದಿನ ನನ್ನ ಮೈದುನ ಮಂಜು ಕಾಫಿಗೆ ಬಂದಿದ್ದ. ಮಂಜು ಒಳ್ಳೆಯವನು. ಆದರೆ ಜಗತ್ತಿನಲ್ಲಿ ಯಾವ ಸಮಸ್ಯೆ ಇದ್ದರೂ ಅದನ್ನು ಮಾರಿ ಹೊಸದು ತರಬೇಕು ಎನ್ನುವುದು ಅವನ ಸಿದ್ಧಾಂತ.

"ನಾನು ಹೇಳ್ಳಿಲ್ವಾ ಅತ್ತಿಗೆ? ನಿಮ್ಗೆ ಕ್ಲಚ್ಚೇ ಇಲ್ದಿರೋ ಗಾಡಿ ಸರಿ. ಆಟೋಮ್ಯಾಟಿಕ್. ಎಡಗಾಲು ಸುಮ್ನೆ ಮಡಚಿಟ್ಕೊಂಡು ಕೂತ್ಕೊಳ್ಳಿ."

"ನನ್ನ ಕಾಲು ಚೆನ್ನಾಗಿದೆ ಮಂಜು."

"ಚೆನ್ನಾಗಿದೆ, ಚೆನ್ನಾಗಿದೆ. ವಯಸ್ಸಾಯ್ತಲ್ಲ ಪಾಪ, ಅದಕ್ಕೂ."

ನಮ್ಮ ಯಜಮಾನರು ಜಗಳವಾಡುವವರಲ್ಲ. ಅವರು ಕಾಫಿ ಲೋಟದೊಳಗೆ ನೋಡುತ್ತಾ, "ಅವನು ಹೇಳೋದ್ರಲ್ಲೂ ಒಂದರ್ಥ ಇದೆ ಕಣೆ. ಈ ಗಾಡಿ ಮಾರ್ಬಿಡೋಣ. ಹೊಸದು ನಿಧಾನಕ್ಕೆ ನೋಡೋಣ. ಅಲ್ಲೀತಂಕ ನಾನು ಬಿಟ್ಟುಬರ್ತೀನಲ್ಲ?" ಎಂದರು.

ಬಿಟ್ಟುಬರ್ತೀನಲ್ಲ! ಅವರು ಪ್ರೀತಿಯಿಂದಲೇ ಅಂದದ್ದು. ಆದರೆ ನನ್ನ ಮದುವೆಯಾದ ಮೊದಲ ಇಪ್ಪತ್ತನಾಲ್ಕು ವರ್ಷ ಇಡೀ ಆ ಒಂದು ಮಾತಿನೊಳಗೆ ಕೂತಿತ್ತು. ಸ್ಕೂಟರಿನ ಹಿಂದೆ ಒಂದೇ ಪಕ್ಕಕ್ಕೆ ಕೂತು, ಅವರಿಗೆ ಹೊತ್ತಾದರೆ ನನಗೂ ಹೊತ್ತಾಗಿ, ಅವರಿಗೆ ಜ್ವರ ಬಂದರೆ ನನಗೆ ರಜೆಯಾಗಿ. ಇನ್ನು "ನಿಧಾನಕ್ಕೆ ನೋಡೋಣ" ಎಂದರೆ ನಮ್ಮ ಮನೆಯಲ್ಲಿ ಏನರ್ಥ ಎಂದು ನನಗೆ ಚೆನ್ನಾಗಿ ಗೊತ್ತು. ಹಿತ್ತಲಿನ ಬಾಗಿಲನ್ನು ಒಂಬತ್ತು ವರ್ಷದಿಂದ ನಿಧಾನಕ್ಕೆ ನೋಡುತ್ತಿದ್ದೇವೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಮಂಜು ಫೋನು ತೆರೆದಿದ್ದ. ಭಾನುವಾರ ಒಂದು ಪಾರ್ಟಿ ಬಂದು ನೋಡುವುದೆಂದು ನಿಶ್ಚಯವಾಯಿತು. ನನ್ನ ಕೈಯಲ್ಲಿ ಇನ್ನು ಐದು ದಿನ.

ಸಿಟ್ಟು ಬಂದರೆ ಬೇರೆಯವರು ಪಾತ್ರೆ ಕುಕ್ಕುತ್ತಾರೆ, ನಾನು ಪಟ್ಟಿ ಮಾಡುತ್ತೇನೆ. ಜಾತಕದ ಪುಸ್ತಕ ತೆಗೆದು ಎರಡು ಕಾಲಂ ಹಾಕಿದೆ: ಪೆಡಲ್ ಗಟ್ಟಿ, ಪೆಡಲ್ ಮೆತ್ತಗೆ. ಯಾವ ಹೊತ್ತು, ಎಲ್ಲಿ ನಿಲ್ಲಿಸಿದ್ದೆ, ಬಿಸಿಲೋ ನೆರಳೋ, ಎಲ್ಲ ಬರೆದೆ. ಎರಡು ದಿನ ಮೆತ್ತಗಿನ ಕಾಲಂ ತುಂಬಿತು, ಗಟ್ಟಿಯ ಕಾಲಮ್ಮಿನಲ್ಲಿ ಒಂದು ಗೀಟೂ ಬೀಳಲಿಲ್ಲ.

ಆಗ ಒದಗಿದ್ದು ಎದುರು ಮನೆಯ ಜಲ್ಲಿ. ನಮ್ಮ ಬಡಾವಣೆ ಹಿಂದೆ ಹೊಲವಾಗಿತ್ತಂತೆ. ರಸ್ತೆ ಈಗಲೂ ಕೆರೆಯ ಕಡೆಗೇ ಇಳಿಯುತ್ತದೆ. ದಿನವೂ ನಾನು ಕಾರಿನ ಮೂತಿಯನ್ನು ದಿನ್ನೆಯ ಕಡೆಗೆ ಮಾಡಿ ಗೇಟಿನ ಮುಂದೆ ನಿಲ್ಲಿಸುತ್ತೇನೆ, ಉರುಳಿದರೆ ಹಿಂದಿನ ಚಕ್ರಕ್ಕೆ ಇಟ್ಟಿಗೆ ಇದೆಯಲ್ಲ ಎಂಬ ಧೈರ್ಯದಲ್ಲಿ. ಎದುರುಗಡೆ ಮೂರನೇ ಮಹಡಿ ಕಟ್ಟುತ್ತಿದ್ದಾರೆ. ಗುರುವಾರ ಸಂಜೆ ಬಂದು ನೋಡಿದರೆ ನನ್ನ ಜಾಗದಲ್ಲಿ ಒಂದು ಲೋಡು ಜಲ್ಲಿ. ಮೇಸ್ತ್ರಿ ಕೈಮುಗಿದು, "ನಾಳೆ ಎತ್ತಿಸ್ಬುಡ್ತೀನಿ ಕಣಕ್ಕಾ" ಅಂದ. ಬೇರೆ ದಾರಿಯಿಲ್ಲದೆ ಪಕ್ಕದ ರಸ್ತೆಯಲ್ಲಿ ಮೂತಿ ಇಳಿಜಾರಿಗೆ ಮಾಡಿ ನಿಲ್ಲಿಸಿ, ಇಟ್ಟಿಗೆಯನ್ನು ಮುಂದಿನ ಚಕ್ರಕ್ಕೆ ಕೊಟ್ಟೆ.

ಶುಕ್ರವಾರ ಬೆಳಗ್ಗೆ ಹೋಗಿ ಕ್ಲಚ್ ಒತ್ತಿದೆ. ಗಟ್ಟಿ! ಗೇರು ಕರ್ರೆನ್ನದೆ ಬಿತ್ತು. ನಂಬಿಕೆಯಾಗದೆ ಎರಡು ಮೂರು ಸಲ ಒತ್ತಿದೆ. ಇನ್ನೂ ಗಟ್ಟಿಯಾಯಿತು. ಕಾಲೇಜು ತಲುಪುವಷ್ಟರಲ್ಲಿ ಸ್ವಲ್ಪ ಮೆತ್ತಗಾಯಿತು ನಿಜ, ಆದರೆ ಮೊದಲಿನಷ್ಟಲ್ಲ. ಅಂದು ಪುಸ್ತಕಗಳಿಗೆ ನಾನು ಯಾವ ತಾರೀಖಿನ ಸೀಲು ಒತ್ತಿದೆನೋ ದೇವರೇ ಬಲ್ಲ. ತಲೆಯ ತುಂಬ ಇಳಿಜಾರು.

ಹಾಗೆ ಕೂತಿದ್ದಾಗಲೇ ವಿದ್ಯಾರಣ್ಯಪುರಂನ ನಮ್ಮ ಬೀದಿಯ ಕೈಪಂಪು ನೆನಪಾಯಿತು. ನಾವು ಚಿಕ್ಕವರಿದ್ದಾಗ ನಲ್ಲಿ ನೀರು ಕೈಕೊಟ್ಟ ದಿನ ಇಡೀ ಬೀದಿಗೆ ಅದೇ ಗತಿ. ಬೆಳಗ್ಗೆ ಮೊದಲು ಹೋದವರಿಗೆ ಅದು ನೀರು ಕೊಡುತ್ತಿರಲಿಲ್ಲ. ಹಿಡಿ ಹಿಡಿದು ಎಷ್ಟು ಜಗ್ಗಿದರೂ ಮುದುಕರ ಹಾಗೆ ಬರೀ ಗೊರಗೊರ ಕೆಮ್ಮುತ್ತಿತ್ತು. ಅದಕ್ಕೇ ನಮ್ಮ ಬೀದಿಯ ಹೆಂಗಸರು ಯಾರೂ ಮೊದಲು ಹೋಗುತ್ತಿರಲಿಲ್ಲ; ಬಾಗಿಲ ಸಂದಿಯಿಂದ ಒಬ್ಬರನ್ನೊಬ್ಬರು ಕಾಯುತ್ತಿದ್ದರು. ನಮ್ಮಮ್ಮ ಮಾತ್ರ ಮನೆಯಿಂದಲೇ ಒಂದು ಚೊಂಬು ನೀರು ಒಯ್ದು ಅದರ ನೆತ್ತಿಗೆ ಹುಯ್ಯುತ್ತಿದ್ದಳು. "ಮೊದ್ಲು ಅದ್ಕೆ ಕುಡಿಸ್ಬೇಕು. ಹೊಟ್ಟೇಲಿ ಗಾಳಿ ಇಟ್ಕೊಂಡು ಯಾರು ತಾನೇ ಕೆಲ್ಸ ಮಾಡ್ತಾರೆ?" ಅನ್ನುತ್ತಿದ್ದಳು. ಗಾಳಿ ಮೇಲಿನ ದಾರಿಯಲ್ಲೇ ಹೊರಗೆ ಹೋಗಬೇಕು, ಮೇಲೆ ದಾರಿಯಿಲ್ಲದಿದ್ದರೆ ಅದು ಇದ್ದಲ್ಲೇ ಇರುತ್ತದೆ. ಅಮ್ಮನಿಗೆ ಹೈಡ್ರಾಲಿಕ್ಸ್ ಎಂಬ ಹೆಸರು ಗೊತ್ತಿರಲಿಲ್ಲ, ಅಷ್ಟೆ.

ಇನ್ನು ರಹಮತ್ ಭಾಯ್ ಅವರ ಗ್ಯಾರೇಜನ್ನು ನೀವು ನೋಡಬೇಕು. ಗ್ಯಾರೇಜು ಎಂದರೆ ಗಲ್ಲಿಯ ಕೊನೆಯ ಒಂದು ಅಂಗಡಿ, ಅದರ ಮುಂದೆ ಚರಂಡಿ, ಚರಂಡಿಯ ಮೇಲೆ ಎರಡು ಚಪ್ಪಡಿ. ಒಳಗೆ ಕಾರು ಹಿಡಿಸುವುದಿಲ್ಲ. ಹಾಗಾಗಿ ಬಂದ ಕಾರುಗಳೆಲ್ಲ ಮುಂದಿನ ಚಕ್ರಗಳನ್ನು ಚಪ್ಪಡಿಯ ಮೇಲೆ ಹತ್ತಿಸಿ, ಮೂತಿ ಮೇಲೆತ್ತಿ, ಅಂಗಡಿಯೊಳಗೆ ಇಣುಕುವ ಎಮ್ಮೆಗಳ ಹಾಗೆ ನಿಲ್ಲುತ್ತವೆ. ಅಡಿಯಲ್ಲಿ ತೂರಿಕೊಳ್ಳಲು ಅವರಿಗೂ ಅದೇ ಅನುಕೂಲ. ಎಂದರೆ, ನನ್ನ ಕಾರಿನ ಗಾಳಿಯನ್ನು ಅವರು ಮೂರು ಸಲವೂ ಮೂತಿ ಎತ್ತಿದ ಸ್ಥಿತಿಯಲ್ಲೇ ತೆಗೆದಿದ್ದರು! ಹಳೆಯದನ್ನು ಬಿಚ್ಚಿದಾಗ ನೋಡಿದ್ದೆ, ಆ ಪಿಚಕಾರಿಗೆ ಎಣ್ಣೆಯ ಡಬ್ಬಿಯಿಂದ ಬರುವ ತೂತು ಹಿಂಬದಿಗಿದೆ. ಮೂತಿ ಮೇಲಿದ್ದರೆ ಗಾಳಿ ಮುಂದಿನ ತುದಿಗೆ ಹೋಗಿ ಕೂರುತ್ತದೆ. ಮೂತಿ ಇಳಿದರೆ ಹಿಂದಕ್ಕೆ ಬಂದು ಆ ತೂತಿನಿಂದ ಮೇಲೇರಿ ಹೋಗುತ್ತದೆ.

ಆದರೂ ನಾನು ಚಿಂತೆಯವಳಲ್ಲವೇ? ಶುಕ್ರವಾರ ಜಲ್ಲಿ ಎತ್ತಿದ್ದರು. ಬೇಕೆಂದೇ ಮೂತಿ ಮೇಲೆ ಮಾಡಿ ನಿಲ್ಲಿಸಿದೆ. ಶನಿವಾರ ಬೆಳಗ್ಗೆ ಕಾಲಿಟ್ಟರೆ ಮುದ್ದೆ. ಸಂತೋಷದಿಂದ ಕುಣಿಯುವುದೊಂದು ಬಾಕಿ. ಕಾರು ಕೆಟ್ಟಿದೆ ಎಂದು ಅಷ್ಟು ಖುಷಿಪಟ್ಟವರು ಈ ಮೈಸೂರಿನಲ್ಲಿ ಇನ್ನೊಬ್ಬರಿರಲಾರರು.

ಅರ್ಧ ದಿನ ರಜೆ ಹಾಕಿ ಮಂಡಿ ಮೊಹಲ್ಲಾಕ್ಕೆ ಹೋದೆ.

"ರಹಮತ್ ಭಾಯ್, ಗಾಡೀನ ಹಿಂದ್ಮುಂದೆ ಮಾಡಿ. ಹಿಂದಿನ ಚಕ್ರ ಚಪ್ಪಡಿ ಮೇಲೆ ಬರ್ಲಿ."

ಅವರು ನನ್ನನ್ನು ನೋಡಿದ ನೋಟದಲ್ಲಿ ಕರುಣೆಯಿತ್ತು. "ಯಾಕ್ ಮೇಡಂ? ವಾಸ್ತುನಾ?"

ನಾನು ನೋಟ್‌ಬುಕ್ಕು ತೆರೆದು ತೋರಿಸಿದೆ. ಅವರು ಓದಲಿಲ್ಲ. "ನಾನು ಈ ಕೆಲ್ಸಕ್ಕೆ ಕೈ ಹಾಕ್ದಾಗ ನಿಮ್ ಈ ಗಾಡಿ ಮಾಡೆಲ್ಲೇ ಹುಟ್ಟಿರ್ಲಿಲ್ಲ ಕಣ್ರೀ. ಎಷ್ಟು ಗಾಡಿ ಇಂಗೇ ನಿಲ್ಲಿಸಿ ಗಾಳಿ ತೆಗ್ದಿದೀನಿ. ಯಾವ್ದೂ ತಕರಾರು ಮಾಡಿಲ್ಲ."

"ಇದು ಮಾಡ್ತಿದೆಯಲ್ಲ."

"ಇದ್ರ ಓನರ್ ಮಾಡ್ತಾವ್ರೆ."

ಪಕ್ಕದ ಪಂಚರ್ ಅಂಗಡಿಯಿಂದ ಯಾರೋ ನಕ್ಕರು. ಸಾಮಾನ್ಯವಾಗಿ ಇಂಥ ನಗು ಕೇಳಿದರೆ ನಾನು ಪರ್ಸಿನಲ್ಲಿ ಏನನ್ನೋ ಹುಡುಕುವವಳ ಹಾಗೆ ನಟಿಸಿ ಜಾಗ ಖಾಲಿ ಮಾಡುತ್ತೇನೆ. ಅಂದು ಮಾಡಲಿಲ್ಲ.

"ಒಂದ್ಸಲ ನಾನು ಹೇಳ್ದಂಗೆ ಮಾಡಿ. ಸರಿಹೋಗ್ಲಿಲ್ಲ ಅಂದ್ರೆ ನಾಳೆ ಗಾಡಿ ಮಾರ್ಬಿಡ್ತೀನಿ. ನಿಮ್ಗೂ ನನ್ನ ಕಾಟ ತಪ್ಪುತ್ತೆ."

"ಸರಿಹೋದ್ರೆ?"

"ನನ್ನ ಕಾಲಿನ ಸುದ್ದಿಗೆ ಬರ್ಬಾರ್ದು."

ಹೇಳಿದ ಮೇಲೆ ಹೊಳೆಯಿತು: ಸರಿಹೋಗದಿದ್ದರೆ? ಮಾತು ಕೊಟ್ಟಾಗಿತ್ತು. ರಹಮತ್ ಭಾಯ್ ಗೊಣಗುತ್ತಾ ಕಾರನ್ನು ತಿರುಗಿಸಿ, ಹಿಂದಿನ ಚಕ್ರಗಳನ್ನು ಚಪ್ಪಡಿಗೆ ಹತ್ತಿಸಿದರು. ಅಂಗಡಿಗೆ ಬೆನ್ನು ಹಾಕಿ ಮೂತಿ ಗಲ್ಲಿಗೆ ಇಳಿಸಿದ ಕಾರು, ಕೋಪಿಸಿಕೊಂಡು ತವರಿಗೆ ಹೊರಟವಳ ಹಾಗೆ ಕಾಣುತ್ತಿತ್ತು. ನನ್ನನ್ನು ಒಳಗೆ ಕೂರಿಸಿ, ಬಾನೆಟ್ ಎತ್ತಿ ಎಣ್ಣೆ ಡಬ್ಬಿಯ ಮುಚ್ಚಳ ತೆಗೆದರು.

"ಒತ್ತಿ. ಮೆತ್ತಗೆ. ಬುಡಿ."

ಒತ್ತಿದೆ. ಬಿಟ್ಟೆ.

"ಇನ್ನೊಂದ್ಸಲ. ಬುಡಿ."

ಬಾನೆಟ್ಟಿನ ಮರೆಯಲ್ಲಿ ಅವರ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ. ನಾಲ್ಕನೇ ಸಲಕ್ಕೆ ಆ ದನಿಯೂ ನಿಂತಿತು. ನಾನು ಕಾದೆ. ಮಂಜು, ಆಟೋಮ್ಯಾಟಿಕ್ಕು, ಸ್ಕೂಟರಿನ ಹಿಂದಿನ ಸೀಟು, ಎಲ್ಲ ಕಣ್ಣ ಮುಂದೆ ಬಂದವು.

"ಭಾಯ್? ಏನಾಯ್ತು?"

ಆಮೇಲೆ ನಿಧಾನವಾಗಿ, "ಗುಳ್ಳೆ ಬರ್ತದೆ ಮೇಡಂ" ಎಂಬ ಮಾತು ಬಂತು. ಸ್ವಲ್ಪ ತಡೆದು, "ಬೇಜಾನ್ ಬರ್ತದೆ."

ಗುಳ್ಳೆ ನಿಲ್ಲುವವರೆಗೂ ಒತ್ತಿದೆ. ಅವರು ಅಡಿಗೆ ತೂರಿ ಇನ್ನೊಂದು ತುದಿಯಲ್ಲೂ ನಟ್ಟು ಸಡಿಲಿಸಿ ಗಾಳಿ ತೆಗೆದರು. ಎಲ್ಲ ಮುಗಿದ ಮೇಲೆ ಪೆಡಲು ಮೊದಲಿನ ಹಾಗೆ ನನ್ನ ಕಾಲಿಗೆ ಎದುರು ಮಾತಾಡಿತು. ಗೇರು ಹಾಕಿ ನೋಡಿದೆ, ರಿವರ್ಸ್ ಹಾಕಿ ನೋಡಿದೆ. ಸದ್ದಿಲ್ಲ.

ರಹಮತ್ ಭಾಯ್ ಕೈ ಒರೆಸಿಕೊಂಡು ಬಂದು ಕಿಟಕಿಯ ಹತ್ತಿರ ನಿಂತರು. "ಈಗ ಕಾಲು ಸರಿಹೋಯ್ತು ನೋಡಿ ಮೇಡಂ."

"ಏನು ಮಾತಾಗಿತ್ತು ಭಾಯ್?"

"ಅಯ್ಯೋ, ಹೊಗಳ್ದೆ ಕಣ್ರೀ!" ಎಂದು ಅವರು ನಕ್ಕುಬಿಟ್ಟರು. ನಾನೂ ನಕ್ಕೆ. ಮುಂದೆ ಆ ಗಲ್ಲಿಗೆ ಹೋದಾಗ ಇನ್ನೊಂದು ಕಾರು ಅಂಗಡಿಗೆ ಬೆನ್ನು ಹಾಕಿ ನಿಂತಿದ್ದನ್ನು ಕಂಡೆ.

ಕಥೆ ಇಲ್ಲಿಗೆ ಮುಗಿಯಿತು ಎಂದು ನಾನೂ ಅಂದುಕೊಂಡಿದ್ದೆ. ಭಾನುವಾರ ಹತ್ತು ಗಂಟೆಗೆ ಮಂಜು ಪಾರ್ಟಿಯನ್ನು ಕರೆದುಕೊಂಡು ಬಂದೇಬಿಟ್ಟ. ಮನೆಗಳಿಗೆ ಟೈಲ್ಸ್ ಹಾಕಿಸುವ ಗುತ್ತಿಗೆದಾರ, ಪುಟ್ಟಸ್ವಾಮಿ ಎಂದು. ಜೊತೆಗೆ ಹೆಂಡತಿ ಭಾಗ್ಯ. ಎಲ್ಲರಿಗಿಂತ ನಾಲ್ಕು ಹೆಜ್ಜೆ ಹಿಂದೆ. "ಇವ್ಳಿಗೆ ಕಲಿಯಕ್ಕೆ ಒಂದು ಹಳೇ ಗಾಡಿ ಬೇಕಾಗಿತ್ತು ಸಾ" ಎಂದು ಅವರು ನಮ್ಮ ಯಜಮಾನರಿಗೆ ಹೇಳಿದರು. ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬಂದವರ ಮುಖ ಅರಳಿತ್ತು. "ಕ್ಲಚ್ಚು ಏನ್ ಚೆನ್ನಾಗದೆ ಸಾ! ಹೊಸ ಗಾಡಿ ಇದ್ದಂಗದೆ."

ಮಂಜು ನನ್ನ ಕಿವಿಯಲ್ಲಿ, "ಅತ್ತಿಗೆ, ನೀವು ರಿಪೇರಿ ಮಾಡ್ಸಿದ್ದು ಸಕತ್ ಕೆಲ್ಸ ಆಯ್ತು. ನಾನು ಅಂದ್ಕೊಂಡಿದ್ದಕ್ಕಿಂತ ಜಾಸ್ತೀನೇ ಕೊಡ್ತಾರೆ" ಎಂದ.

ನೀವೇ ಹೇಳಿ, ಇಂಥ ಪೇಚು ಯಾರಿಗಾದರೂ ಬಂದೀತೇ? ಮಾರಬಾರದು ಎಂದು ಸರಿಮಾಡಿಸಿದೆ; ಸರಿಮಾಡಿಸಿದ್ದರಿಂದಲೇ ಅದು ಮಾರಾಟಕ್ಕೆ ಯೋಗ್ಯವಾಗಿ ನಿಂತಿದೆ. ಎಲ್ಲರೂ ನನ್ನ ಕಡೆ ನೋಡಿದರು.

"ಕೊಡಲ್ಲ" ಅಂದೆ.

"ಯಾಕತ್ತಿಗೆ?"

ಜೀವಮಾನವಿಡೀ ಒಂದು ಕೆಲಸಕ್ಕೆ ಹನ್ನೆರಡು ಕಾರಣ ಬರೆದಿಟ್ಟುಕೊಂಡು ಬದುಕಿದವಳು ನಾನು. ಅಂದು ಹುಡುಕಿದರೆ ಒಂದೂ ಸಿಗಲಿಲ್ಲ. ಸಿಗದೆ ಇದ್ದದ್ದರಿಂದ ಎಷ್ಟು ಹಗುರವಾಯಿತು ಅಂತೀರಿ!

"ಯಾಕೂ ಇಲ್ಲ. ಕೊಡಲ್ಲ."

ನಮ್ಮ ಯಜಮಾನರು ನನ್ನ ಮುಖವನ್ನು ನೋಡಿ, ಪುಟ್ಟಸ್ವಾಮಿಯವರಿಗೆ, "ಕೊಡಲ್ವಂತೆ" ಎಂದು ಅನುಮೋದಿಸಿದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಆಡಿದ ಅತ್ಯಂತ ಸುಂದರವಾದ ಮಾತು ಅದು. ಪುಟ್ಟಸ್ವಾಮಿ, "ಮೊದ್ಲೇ ಹೇಳ್ಬಾರ್ದಾ?" ಎಂದು ಮಂಜುವಿನ ಮೇಲೆ ಹರಿಹಾಯ್ದರು. ಅವರಿಬ್ಬರೂ ಗೇಟಿನ ಹತ್ತಿರ ವಾದಕ್ಕಿಳಿದಾಗ ಭಾಗ್ಯ ಕಾರಿನ ಬಾಗಿಲನ್ನು ಸವರುತ್ತಾ ಮೆಲ್ಲಗೆ ಕೇಳಿದಳು:

"ನೀವು ಯಾವಾಗ ಕಲಿತ್ರಿ ಅಕ್ಕಾ?"

"ನಲವತ್ತಾರಕ್ಕೆ."

"ನಂಗೆ ನಲವತ್ತೊಂದು. ಇವ್ರು ದಿನಾ ಅಂತಾರೆ, ಗಾಡಿ ತಂದ್ರೂ ನಿನ್ ಕೈಲಾಗಲ್ಲ ಅಂತ."

ನಾನು ಕೀ ತೆಗೆದು ಅವಳ ಕೈಗಿಟ್ಟೆ. "ಗಾಡಿ ಕೊಡಲ್ಲ. ಕಲಿಯೋಕೆ ಬಾ. ಅಲ್ಲಲ್ಲ, ಈ ಕಡೆಯಲ್ಲ. ಸ್ಟೀರಿಂಗ್ ಕಡೆ."

ಅವಳು ಗಂಡನ ಕಡೆ ನೋಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ಕೂತಳು. ನಾನು ಪಕ್ಕದಲ್ಲಿ ಕೂತೆ. ಅವಳ ಎಡಗಾಲು ಪೆಡಲನ್ನು ಹುಡುಕಿ, ಮುಟ್ಟಿ, ಹಿಂಜರಿದು, ಪೂರ್ತಿ ಒತ್ತಿತು. ಸ್ಟಾರ್ಟ್ ಮಾಡಿಸಿ ಗೇರು ಹಾಕಿಸಿದೆ; ಕಾಲನ್ನು ಒಮ್ಮೆಲೇ ಬಿಟ್ಟಳು, ಕಾರು ಒಮ್ಮೆ ಕುಪ್ಪಳಿಸಿ ಆರಿಹೋಯಿತು. ಮತ್ತೆ ಸ್ಟಾರ್ಟ್ ಮಾಡಿಸಿದೆ. ಗೇಟಿನಿಂದ ಪುಟ್ಟಸ್ವಾಮಿ ಓಡುತ್ತಾ ಬಂದರು, ಹಿಂದೆ ಮಂಜು.

"ಏಯ್, ಕ್ಲಚ್ ಬುಡೇ! ಬುಡಬೇಡ! ಅಂಗಲ್ಲ ಕಣೇ, ಕಾಲು! ಕಾಲು!"

ಭಾಗ್ಯ ಕ್ಲಚ್ ಪೂರ್ತಿ ಒತ್ತಿಕೊಂಡಳು.

ನಾನು ಕಿಟಕಿಯ ಹಿಡಿ ತಿರುಗಿಸಿ ಗಾಜು ಏರಿಸಿದೆ.